ಮಿಕಾನ ತಾಯಿ ಹೇಳಿದ ಹನ್ನೊಂದು ವಾಕ್ಯಗಳು

ಯುಕಾಗಿರ್ ಎಂಬ ಭಾಷೆಯ ಹೆಸರನ್ನು ನಾನು ಮೊದಲು ಕಂಡದ್ದು ಯಾರದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ. ನಮ್ಮ ಸಂಪಾದಕರು ಕಾಗದ ಕೊಂಡವರಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬೆನ್ನಿನ ಮೇಲೆ ಟಿಪ್ಪಣಿ ಬರೆದು, ಬೂಟಿನ ಡಬ್ಬಿಗಳಲ್ಲಿ ಅಕಾರಾದಿಯಾಗಿ ಜೋಡಿಸಿಡುತ್ತಿದ್ದರು. ಅಂಥದೊಂದು ಚೀಟಿ ನನ್ನ ಕೈಗೆ ಬಂತು. ಒಂದು ಕಡೆ ಅರಿಶಿನದ ಅಂಚು, ಯಾವುದೋ ಛತ್ರದ ಹೆಸರು. ಇನ್ನೊಂದು ಕಡೆ ಅವರ ಗುಂಡಗಿನ ಅಕ್ಷರ: "ಯುಕಾಗಿರ್. ಸೈಬೀರಿಯ. ಕೊಲಿಮಾ ಹೊಳೆ. ಎರಡು ಪುಟ. ಮಾದರಿ ಪಾಠ ಸಹಿತ."

ಅರವತ್ತರ ದಶಕದ ನಡುಭಾಗ ಅದು. ಸಂಪಾದಕರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಜಯನಗರದಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಮಹಡಿಯ ಮೇಲೆ ಕೂತು, ಲೋಕದ ಭಾಷೆಗಳನ್ನು ಕನ್ನಡದವರಿಗೆ ಪರಿಚಯಿಸುವ ಒಂದು ಗ್ರಂಥ ಸಿದ್ಧಮಾಡುತ್ತಿದ್ದರು. ಕೈಕೆಳಗೆ ನಾವು ನಾಲ್ಕು ಜನ. ಅವರಿಗೆ ಎರಡೇ ನಿಯಮ. ಇಂಗ್ಲಿಷಿರಲಿ, ಸಂಸ್ಕೃತವಿರಲಿ, ಕೆಲವೇ ನೂರು ಜನರ ಭಾಷೆಯಿರಲಿ, ಎಲ್ಲಕ್ಕೂ ಎರಡೇ ಪುಟ. ಮತ್ತು ಪ್ರತಿಯೊಂದಕ್ಕೂ ಒಂದು ಮಾದರಿ ಪಾಠ, ಅದನ್ನು ಹೇಳಿದವರ ಹೆಸರು, ಊರು.

"ಮಾತು ಗಾಳೀಲಿ ಹುಟ್ಟಲ್ಲಮ್ಮ," ಅನ್ನುತ್ತಿದ್ದರು. "ಯಾರೋ ಒಬ್ಬರ ಬಾಯಲ್ಲಿ ಹುಟ್ಟುತ್ತೆ. ಆ ಒಬ್ಬರು ಯಾರು ಅಂತ ನಾವು ಹೇಳ್ಬೇಕು."

ನನಗೆ ರಷ್ಯನ್ ಬರುತ್ತಿತ್ತು ಎಂಬ ಕಾರಣಕ್ಕೆ ಆ ಚೀಟಿ ನನ್ನ ಪಾಲಿಗೆ ಬಂದಿತ್ತು. ರಷ್ಯನ್ ಯಾಕೆ ಕಲಿತೆ ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮ್ಮ ಮಗ ಚಂದ್ರು ನಾಲ್ಕು ವರ್ಷದವನಿದ್ದಾಗ ಮೂರು ದಿನದ ಜ್ವರದಲ್ಲಿ ತೀರಿಕೊಂಡ. ಸಂಜೆ ಹೊತ್ತು ಮನೆಯಲ್ಲಿರುವುದು ನನ್ನಿಂದ ಆಗುತ್ತಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಡೆಯುತ್ತಿದ್ದ ತರಗತಿ ಊರಲ್ಲಿ ಅದೊಂದೇ ಸಿಕ್ಕಿತು. ಗಣಿತದ ತರಗತಿ ಸಿಕ್ಕಿದ್ದರೆ ಗಣಿತ ಕಲಿಯುತ್ತಿದ್ದೆ.

ಆಗ ನಾವು ಹನುಮಂತನಗರದ ಒಂದು ವಠಾರದಲ್ಲಿದ್ದೆವು. ಅಲ್ಲಿ ನನಗೆ ಒಂದು ಹೆಸರಿತ್ತು: ಚಂದ್ರು ಅಮ್ಮ. ಹಾಲಿನವನಿಗೆ, ನಲ್ಲಿಯ ಸಾಲಿನಲ್ಲಿ ನಿಂತವರಿಗೆ, ನಮ್ಮವರಿಗೂ ನಾನು ಚಂದ್ರು ಅಮ್ಮ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಅವರು ನನಗೆ ಚಂದ್ರು ಅಪ್ಪ. ಹುಡುಗ ಹೋದ ಮಾರನೆಯ ದಿನದಿಂದ ಆ ಎರಡು ಹೆಸರೂ ನಿಂತುಹೋದವು. ನೋವಾಗದಿರಲಿ ಅಂತಲೇ ಜನ ಹಾಗೆ ಮಾಡಿದ್ದು. "ಏನ್ರೀ", "ನೋಡಿ", "ಇವ್ರೇ" ಎಂದು ತಡವರಿಸುತ್ತಿದ್ದರು. ನಮ್ಮವರು ನನ್ನನ್ನು ಕರೆಯಬೇಕಾದಾಗ ಸುಮ್ಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಆಮೇಲೆ ಮನೆ ಬದಲಾಯಿಸಿ ಜಯನಗರಕ್ಕೆ ಬಂದೆವು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಅದೇ ಒಳ್ಳೆಯದು ಎಂದರು ಅವರು. ನನಗೆ ಸಿಟ್ಟಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ತಿಳಿಯದ ಸಿಟ್ಟು.

ಕೆಲಸಕ್ಕೆ ಬರುತ್ತೇನೆ. ಯುಕಾಗಿರ್ ಬಗ್ಗೆ ನನಗೆ ಸಿಕ್ಕಿದ್ದು ಎರಡೇ ಆಧಾರ. ಒಂದು, ಹಿಂದಿನ ಕಾಲದಲ್ಲಿ ಆ ಸೀಮೆಯಲ್ಲಿ ಓಡಾಡಿದ ಒಬ್ಬ ಪಂಡಿತ ಇಂಗ್ಲಿಷಿನಲ್ಲಿ ಬರೆದ ದಪ್ಪ ಗ್ರಂಥ. ಅದನ್ನು ಗ್ರಂಥಾಲಯದವರು ಹೊರಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಪೆನ್ಸಿಲಿನಲ್ಲಿ ನಕಲು ಮಾಡಿಕೊಳ್ಳಬೇಕಿತ್ತು. ಇನ್ನೊಂದು, ಲೆನಿನ್‌ಗ್ರಾಡಿನಿಂದ ಬಂದ ತೆಳ್ಳನೆಯ ರಷ್ಯನ್ ಪುಸ್ತಿಕೆ. ಕೊಲಿಮಾ ತೀರದಲ್ಲಿ ಒಬ್ಬ ಸಂಶೋಧಕಿ ಜನರ ಬಾಯಿಂದ ಬರೆದುಕೊಂಡ ಪಾಠಗಳು ಅದರಲ್ಲಿದ್ದವು.

ಬೆಳಗ್ಗೆ ಯಡಿಯೂರು ಕೆರೆಯ ಕಡೆಯಿಂದ ಮಂಜು ಬರುತ್ತಿತ್ತು. ನಮ್ಮ ಬೀದಿಯಲ್ಲಿ ಆಗ ಐದೇ ಮನೆ, ಮಿಕ್ಕದ್ದೆಲ್ಲ ಕಲ್ಲು ನೆಟ್ಟ ಖಾಲಿ ಸೈಟುಗಳು, ಎದೆಯುದ್ದ ಹುಲ್ಲು. ಆ ಹುಲ್ಲಿನ ಮೇಲೆ ಮಂಜು ಕೂತಾಗ ಬೈರಸಂದ್ರದವರೆಗೂ ಬೆಳ್ಳಗೆ ಕಾಣುತ್ತಿತ್ತು. ನಾನು ಸಂಪಾದಕರ ಮನೆಗೆ ನಡೆದು ಹೋಗುತ್ತ ಆ ಬಿಳುಪಿನಲ್ಲಿ ಹಿಮಸಾರಂಗಗಳನ್ನು ಹುಡುಕುತ್ತಿದ್ದೆ. ಸಿಗುತ್ತಿದ್ದದ್ದು ಸಾರಕ್ಕಿಯವರ ಎಮ್ಮೆಗಳು. ಆದರೂ ಒಂದೊಂದು ದಿನ, ಎಮ್ಮೆ ಉಸಿರು ಬಿಟ್ಟು ಮಂಜಿನಲ್ಲಿ ಕರಗುವಾಗ, ನಾನು ಎಲ್ಲಿದ್ದೇನೆ ಎಂಬುದು ಅರೆಗಳಿಗೆ ಮರೆತುಹೋಗುತ್ತಿತ್ತು. ಮನೆಯಲ್ಲಿ ಹಿಟ್ಟು ಕಲಸುವಾಗಲೂ ಕಿವಿಯಲ್ಲಿ ಹೊಳೆಯ ಸದ್ದು. ಚಂದ್ರು ಹೋದ ಮೂರು ವರ್ಷದಲ್ಲಿ ಮೊದಲ ಸಲ ನನಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ, ಅದು ಸುಖವೆಂದೇ ಹೇಳುತ್ತೇನೆ.

ಅವರು ತಮ್ಮನ್ನು ಒದುಲ್ ಎಂದು ಕರೆದುಕೊಳ್ಳುತ್ತಾರೆ. ಮೆತ್ ಎಂದರೆ ನಾನು, ತೆತ್ ಎಂದರೆ ನೀನು. ಅನಿಲ್ ಎಂದರೆ ಮೀನು. ಮುಂದಿನ ಬೀದಿಯ ಅನಿಲನನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತಿತ್ತು, ಪಾಪ ಅವನಿಗೆ ಕಾರಣ ಗೊತ್ತಾಗದೆ ಶರ್ಟಿನ ಗುಂಡಿ ನೋಡಿಕೊಳ್ಳುತ್ತಿದ್ದ. ವಾಕ್ಯದಲ್ಲಿ ಯಾವುದಕ್ಕೆ ಒತ್ತು, ಮಾಡಿದವನಿಗೋ ಮಾಡಿದ್ದಕ್ಕೋ, ಅದಕ್ಕೆ ತಕ್ಕಂತೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ಇದಿಷ್ಟು ತಲೆಗೆ ಹತ್ತಲು ನನಗೆ ಎರಡು ವಾರ ಬೇಕಾಯಿತು. ಮಕ್ಕಳು ಶಾಲೆಗೆ ಹೋಗಿ ರಷ್ಯನ್ ಕಲಿಯುತ್ತಾರೆ, ನೆರೆಯವರ ಜೊತೆ ಅವರ ಯಾಕುತ್ ಮಾತಾಡುತ್ತಾರೆ, ಮನೆಯ ಮಾತು ಮುದುಕರ ಬಾಯಲ್ಲಿ ಉಳಿದಿದೆ ಎಂದು ಪುಸ್ತಿಕೆಯ ಮುನ್ನುಡಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿತ್ತು.

ದಪ್ಪ ಗ್ರಂಥದಲ್ಲಿ ನನಗೆ ಇನ್ನೊಂದು ಸಂಗತಿ ಸಿಕ್ಕಿತು. ಮೊದಲ ಮಗು ಹುಟ್ಟಿದ ಮೇಲೆ ಅಲ್ಲಿ ತಂದೆ ತಾಯಿಯರನ್ನು ಅವರ ಹೆಸರಿನಿಂದ ಕರೆಯುವುದಿಲ್ಲ. ಇಂಥವನ ತಂದೆ, ಇಂಥವನ ತಾಯಿ, ಅಷ್ಟೇ. ತಾಯಿ ಎಂಬುದಕ್ಕೆ ಎಮೇಯ್. ನಾನು ಚೀಟಿ ಬರೆದೆ: "ಈ ರೂಢಿ ನಮ್ಮಲ್ಲೂ ಇದೆ." ಸಂಪಾದಕರು ಅದರ ಪಕ್ಕ ಕೆಂಪು ಶಾಯಿಯಲ್ಲಿ ಗುರುತು ಹಾಕಿ, "ಭೇಷ್" ಎಂದರು. ಚೀಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಏನು ಬರೆದೆ ಎಂದು ನಿಂತು ಯೋಚಿಸಲಿಲ್ಲ.

ಮಾದರಿಗೆ ನಾನು ಆರಿಸಿದ್ದು ಪುಸ್ತಿಕೆಯ ಏಳನೆಯ ಪಾಠ, ಒಬ್ಬ ಮುದುಕಿ ಹೇಳಿದ ಹನ್ನೊಂದು ವಾಕ್ಯ. ಕಥೆಯೂ ಅಲ್ಲ. ಚಳಿಗಾಲ ಮುಗಿದು ಹೊಳೆಯ ಮೇಲಿನ ಮಂಜುಗಡ್ಡೆ ಒಡೆಯುವ ದಿನ ಊರೆಲ್ಲ ದಡದಲ್ಲಿ ನಿಲ್ಲುತ್ತದೆ. ಹೊಳೆ ಮೊದಲು ನರಳುತ್ತದೆ. ಆಮೇಲೆ ಮಗ್ಗುಲು ಬದಲಿಸುತ್ತದೆ. ನಾವು ಯಾರೂ ಮಾತಾಡುವುದಿಲ್ಲ. ಗಡ್ಡೆಯೆಲ್ಲ ಹೊರಟುಹೋದ ಮೇಲೆ ಬಾಗಿ ನೀರು ಮುಟ್ಟಿ, ಅಮ್ಮಾ, ನಾವಿನ್ನೂ ಇಲ್ಲೇ ಇದ್ದೇವೆ, ಎನ್ನುತ್ತೇವೆ. ಇಷ್ಟೇ.

ಈ ಹನ್ನೊಂದನ್ನು ಮೂರು ಪದರದಲ್ಲಿ ಕೊಡಬೇಕಿತ್ತು. ಮೇಲೆ ಯುಕಾಗಿರ್ ಮಾತು ಕನ್ನಡ ಲಿಪಿಯಲ್ಲಿ, ಅದರ ಕೆಳಗೆ ಪದಕ್ಕೆ ಪದ ಕನ್ನಡ, ಅದರ ಕೆಳಗೆ ಸಲೀಸಾದ ಕನ್ನಡ. ಒಕಾರ ಎಕಾರಗಳ ನಡುವೆ ಅವರಿಗೊಂದು ಸ್ವರವಿದೆ. ಅದಕ್ಕೆ ನಮ್ಮಲ್ಲಿ ಅಕ್ಷರವಿಲ್ಲದ್ದರಿಂದ ಒಕಾರದ ನೆತ್ತಿಗೆ ಒಂದು ಚುಕ್ಕೆ ಇಡೋಣವೆಂದು ನಿರ್ಧರಿಸಿದೆವು.

ತಪ್ಪು ಆದದ್ದು ಹೇಳಿದವರ ಹೆಸರಿನಲ್ಲಿ. ಪಾಠದ ತಲೆಯ ಮೇಲೆ "ಮಿಕಾ ಎಮೇಯ್" ಎಂದಿತ್ತು. ಪುಸ್ತಿಕೆಯ ಕೊನೆಯಲ್ಲಿ ಪಾಠ ಹೇಳಿದವರ ಪಟ್ಟಿ, ಅವರ ಮನೆಯಲ್ಲಿರುವವರ ವಿವರ. ಅಲ್ಲಿ ಏಳನೆಯ ಸಾಲಿನಲ್ಲಿ ಬೇರೆ ಹೆಸರು: ಅಕುಲೀನಾ, ಚರ್ಚಿನಲ್ಲಿ ಇಟ್ಟ ರಷ್ಯನ್ ಹೆಸರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಮಿಕಾ ಎಂಬ ಹುಡುಗ ಎಲ್ಲೂ ಇಲ್ಲ. ಮಿಕಾನೇ ಇಲ್ಲದ ಮೇಲೆ ಮಿಕಾನ ತಾಯಿ ಎಲ್ಲಿಂದ ಬಂದಳು? ತಲೆಬರಹ ಅಚ್ಚಿನ ತಪ್ಪು ಎಂದು ತೀರ್ಮಾನಿಸಿ ಅದನ್ನು ಹೊಡೆದು ಅಕುಲೀನಾ ಎಂದು ಬರೆದೆ. ರಷ್ಯನ್ನರ ತಪ್ಪು ಹಿಡಿದೆ ಎಂಬ ಜಂಬ ಬೇರೆ. ಪುಟ ಅಚ್ಚಿನ ಮನೆಗೆ ಹೋಯಿತು.

ಅದಾದ ಕೆಲವು ದಿನಕ್ಕೆ ನಮ್ಮ ಹೊಸ ರೇಷನ್ ಕಾರ್ಡು ಬಂತು. ಹಳೆಯದನ್ನು ಒಪ್ಪಿಸಿ ವಿಳಾಸ ಬದಲಾಯಿಸಿಕೊಂಡದ್ದು. ನಮ್ಮವರು ಅದನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಮನೆಯಲ್ಲಿರುವವರು ಎಂಬ ಕಡೆ ಎರಡೇ ಸಾಲು, ಅವರ ಹೆಸರು, ನನ್ನ ಹೆಸರು. ಹಳೆಯ ಕಾರ್ಡಿನಲ್ಲಿ ಮೂರಿತ್ತು.

ಕಾರ್ಡನ್ನು ಹಿಡಿದುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಅನ್ನ ಸೀದ ವಾಸನೆ ಬಂದರೂ ಏಳಲಿಲ್ಲ. ಪಟ್ಟಿ ಇರುವುದು ಬದುಕಿರುವವರಿಗೆ. ಮಿಕಾ ಪಟ್ಟಿಯಲ್ಲಿಲ್ಲ ಎಂದರೆ ಮಿಕಾ ಇಲ್ಲ ಅಂತ. ಆದರೆ ಅವನ ತಾಯಿ ಇದ್ದಾಳೆ, ಊರು ಅವಳನ್ನು ಹಾಗೆಯೇ ಕರೆಯುತ್ತಿದೆ. ಅವಳ ಆ ಹೆಸರನ್ನು ಲೋಕದಲ್ಲಿ ಬೇರೆ ಯಾರು ಬೇಕಾದರೂ ಹೊಡೆದುಹಾಕಬಹುದಿತ್ತು. ಹೊಡೆದವಳು ನಾನು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಮಾರನೆಯ ಬೆಳಗ್ಗೆ ಸಂಪಾದಕರಿಗೆ ಹೇಳಿದೆ, ನನ್ನ ಮನೆಯ ವಿಷಯ ಬಿಟ್ಟು.

"ಇದು ನಿಮ್ಮ ಊಹೆ," ಅಂದರು. "ಇರಬಹುದು, ಇಲ್ಲದೇನೂ ಇರಬಹುದು. ಆಧಾರ ಬೇಕಲ್ಲಮ್ಮ. ಬರೆದುಕೊಂಡೋರಿಗೇ ಕಾಗದ ಬರೀರಿ."

"ಅಷ್ಟರಲ್ಲಿ ಅಚ್ಚಾಗಿಹೋದ್ರೆ?"

"ಪತ್ರ ಬರೋವರೆಗೆ ನಿಮ್ಮ ಪುಟಗಳ ಅಚ್ಚು ತಡೆದಿಡ್ತೀನಿ. ಬರಲಿಲ್ಲ ಅಂದ್ರೆ ಪಟ್ಟೀಲಿರೋ ಹೆಸರೇ ಹೋಗುತ್ತೆ."

ಪುಸ್ತಿಕೆಯಲ್ಲಿದ್ದ ಸಂಸ್ಥೆಯ ವಿಳಾಸಕ್ಕೆ ಆ ಸಂಶೋಧಕಿಯ ಹೆಸರಿಗೆ ರಷ್ಯನ್ನಿನಲ್ಲಿ ಬರೆದೆ. ನಾಲ್ಕು ಕರಡು ಹರಿದೆ. ಸ್ವರಗಳ ಬಗ್ಗೆ ಎರಡು ಪ್ರಶ್ನೆ, ಮೂರನೆಯದಾಗಿ, ಮಿಕಾ ಯಾರು.

ಪತ್ರ ಬರಲಿಲ್ಲ. ದಸರೆ ಹೋಯಿತು, ದೀಪಾವಳಿ ಹೋಯಿತು. ಈ ನಡುವೆ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವ ಕಂಪೋಸಿಟರ್ ಜೊತೆ ನನ್ನ ಚುಕ್ಕೆಯ ಜಗಳ. ಆತ ಮಡಿವಾಳದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯ. ನೆತ್ತಿಯ ಮೇಲೆ ಚುಕ್ಕೆಯಿರುವ ಒಕಾರ ಯಾವ ಅಚ್ಚುಮೊಳೆ ಪೆಟ್ಟಿಗೆಯಲ್ಲೂ ಇರುವುದಿಲ್ಲ. ಪೂರ್ಣವಿರಾಮದ ಮೊಳೆಯನ್ನು ಕುಳ್ಳಗೆ ಕತ್ತರಿಸಿ, ಮೇಲಿನ ಸಾಲಿನ ಸಂದಿಯಲ್ಲಿ ಕಾಗದದ ಚೂರು ತುರುಕಿ ನಿಲ್ಲಿಸಬೇಕಿತ್ತು. ಒಂದು ಪುಟದಲ್ಲಿ ಅಂಥವು ಮೂವತ್ತಕ್ಕೂ ಹೆಚ್ಚು. ಜೊತೆಗೆ ಮೂರು ಪದರದ ಪದಗಳು ಒಂದರ ಕೆಳಗೊಂದು ಸರಿಯಾಗಿ ಕೂರಬೇಕು. ಕನ್ನಡದ ಪದ ಉದ್ದವಾದರೆ ಯುಕಾಗಿರ್ ಪದದ ಪಕ್ಕ ಖಾಲಿ ಮೊಳೆ ತುಂಬಬೇಕು. ಮೊದಲ ಪ್ರೂಫಿನಲ್ಲಿ ಅರ್ಧ ಚುಕ್ಕೆ ಉದುರಿಹೋಗಿದ್ದವು.

"ಅಕ್ಕಾ, ಇದನ್ನ ಓದೋರು ಎಷ್ಟು ಜನ?" ಎಂದು ಕೇಳಿದರು.

"ನೀವು, ನಾನು, ನಮ್ಮ ಸಾರ್."

"ಹಂಗಾದ್ರೆ ಮೂರು ಜನಕ್ಕೆ ಇಷ್ಟು ಚುಕ್ಕೆ ಯಾಕೆ?"

"ಆ ಅಜ್ಜಿ ಹಾಗೇ ಹೇಳಿದ್ದು, ಅದಕ್ಕೆ."

ಅವರು ಕನ್ನಡಕ ಸರಿಮಾಡಿಕೊಂಡು ಉದುರಿದ್ದನ್ನೆಲ್ಲ ಮತ್ತೆ ಇಟ್ಟರು. ಎರಡನೆಯ ಪ್ರೂಫಿನಲ್ಲಿ ನಾಲ್ಕು ಕಡಿಮೆಯಿದ್ದವು, ಮೂರನೆಯದರಲ್ಲಿ ಎಲ್ಲವೂ ನಿಂತವು. ಕೆಳಗೆ ಮಾತ್ರ ಅಕುಲೀನಾ ಎಂಬ ಹೆಸರು ದಿಟ್ಟವಾಗಿ ಕೂತಿತ್ತು.

ಸಂಕ್ರಾಂತಿ ಕಳೆದ ಮೇಲೆ ಸಂಪಾದಕರು ಕರೆದು, ಇನ್ನು ತಡೆಯಲಾರೆ, ಸೋಮವಾರ ಅಚ್ಚಿಗೆ ಹೋಗುತ್ತದೆ ಎಂದರು. ಶುಕ್ರವಾರ ಮಧ್ಯಾಹ್ನ ಅಂಚೆಯವನು ದೊಡ್ಡ ಲಕೋಟೆ ತಂದುಕೊಟ್ಟ. ಮೆಟ್ಟಿಲ ಮೇಲೆ ಬಿಸಿಲಿನಲ್ಲಿ ಕೂತು, ನಿಘಂಟು ತೊಡೆಯ ಮೇಲಿಟ್ಟುಕೊಂಡು ಓದಿದೆ. ಸಂಶೋಧಕಿ ಮತ್ತೆ ಕೊಲಿಮಾಕ್ಕೆ ಹೋಗಿದ್ದಳಂತೆ, ಅದಕ್ಕೇ ತಡ. ಮಿಕಾ ಆ ಮುದುಕಿಯ ಮೊದಲ ಮಗ, ಏಳನೆಯ ವಯಸ್ಸಿನಲ್ಲಿ ಒಂದು ಚಳಿಗಾಲ ತೀರಿಕೊಂಡ. ಆಮೇಲೆ ಹುಟ್ಟಿದವರು ಹೆಣ್ಣುಮಕ್ಕಳು. ಕಚೇರಿಯವರಿಗೆ ಕಾಗದದ ಹೆಸರು ಬೇಕಾದ್ದರಿಂದ ಪಟ್ಟಿಯಲ್ಲಿ ಅಕುಲೀನಾ ಎಂದು ಬರೆದದ್ದು. "ಆದರೆ ಆ ಊರಿನಲ್ಲಿ ಅಕುಲೀನಾ ಎಂದು ಕೇಳಿದರೆ ನಿಮಗೆ ಯಾರೂ ಮನೆ ತೋರಿಸುವುದಿಲ್ಲ," ಎಂದು ಬರೆದಿದ್ದಳು. "ನಿಮ್ಮ ಪ್ರಶ್ನೆಯನ್ನು ನಾನು ಅವಳಿಗೇ ಕೇಳಿದೆ. ಆ ಹೆಸರು ಕೇಳಿದಾಗ ನೋವಾಗುವುದಿಲ್ಲವೇ ಎಂದೂ ಕೇಳಿದೆ. ಕರೆದಾಗಲೆಲ್ಲ ಅವನೂ ಜೊತೆಗೆ ಬರುತ್ತಾನೆ ಎಂದಳು."

ನಾನು ಅತ್ತೆ. ಮೂರು ವರ್ಷದಿಂದ ಅಳು ಬಂದಿರಲಿಲ್ಲ.

ಮುಖ ತೊಳೆದುಕೊಂಡು ಸಂಪಾದಕರ ಬಳಿ ಹೋಗಿ ಪತ್ರವನ್ನು ಕನ್ನಡದಲ್ಲಿ ಹೇಳಿದೆ. ಅವರು ಕೇಳಿ, ತಲೆಯಾಡಿಸಿ, ಪೆನ್ನು ತೆಗೆದರು.

"ಸರಿ. ಅಕುಲೀನಾ ಇರಲಿ, ಕಂಸದಲ್ಲಿ ಮಿಕಾನ ತಾಯಿ ಅಂತ ಹಾಕೋಣ."

"ಕಂಸದಲ್ಲಿ ಬೇಡ ಸಾರ್. ಅದೊಂದೇ ಹಾಕಿ."

"ಇಂಥೋನ ತಾಯಿ ಅನ್ನೋದು ಹೆಸರಾಗುತ್ತೇನಮ್ಮ? ಆಕೆಗೆ ತನ್ನದೂ ಅಂತ ಒಂದು ಹೆಸರಿದೆ, ಅದನ್ನ ಕೊಡೋದು ಮರ್ಯಾದೆ. ನಮ್ಮ ಪುಸ್ತಕದಲ್ಲಿ ಹೆಂಗಸರನ್ನ ಯಾರದೋ ಹೆಂಡ್ತಿ, ಯಾರದೋ ತಾಯಿ ಅಂತ ಬರೆಯೋದಿಲ್ಲ ಅಂತ ನಾನೇ ಹಟ ಹಿಡಿದಿದ್ದು."

ಅವರ ಮಾತಿನಲ್ಲಿ ನ್ಯಾಯವಿತ್ತು, ಅದೇ ಕಷ್ಟ. ಬೇರೆ ದಿನವಾಗಿದ್ದರೆ ನಾನೇ ಅವರ ಪಕ್ಷ ವಹಿಸುತ್ತಿದ್ದೆ.

"ಕಚೇರಿಯೋರು ಬರೆದುಕೊಂಡಿದ್ದು ಅಕುಲೀನಾ ಅಂತ ಸಾರ್. ಆಕೆ ತನ್ನದು ಅಂದ್ಕೊಂಡಿರೋದು ಇನ್ನೊಂದನ್ನ. ಅದನ್ನ ಹಾಕೋಕೆ ಆಗಲ್ಲ ಅಂದ್ರೆ ನನ್ನ ಎರಡು ಪುಟ ವಾಪಸ್ ಕೊಡಿ."

"ಯಾಕಮ್ಮ ಇಷ್ಟು ಹಟ?"

"ನನಗೂ ಅಂಥದೊಂದು ಹೆಸರಿತ್ತು," ಎಂದೆ. "ಚಂದ್ರು ಅಮ್ಮ ಅಂತ. ಮಗು ಹೋದ್ಮೇಲೆ ಯಾರೂ ಕರೀಲಿಲ್ಲ. ನೀವೂ ಈಗ ಕರೀಬೇಡಿ, ಸುಮ್ನೆ ಹೇಳಿದೆ."

ಅವರು ಡಬ್ಬಿಯಿಂದ ಹೊಸ ಚೀಟಿ ತೆಗೆದು ಬರೆದು ನನ್ನ ಕಡೆ ಸರಿಸಿದರು: "ಹೇಳಿದವರು: ಮಿಕಾನ ತಾಯಿ, ಕೊಲಿಮಾ ತೀರ." ಕೆಳಗೆ ಸಹಿ ಹಾಕಿದ್ದರು. ಶನಿವಾರ ಕಂಪೋಸಿಟರ್ ಅಕುಲೀನಾಳ ಮೊಳೆಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತು, ಆ ಜಾಗದಲ್ಲಿ ಮಿಕಾನ ತಾಯಿಯನ್ನು ಕೂರಿಸಿದರು. ಚುಕ್ಕೆಗಳು ಅಲುಗಲಿಲ್ಲ.

ಆ ಸಂಜೆ ನಮ್ಮವರಿಗೆ ಹನ್ನೊಂದು ವಾಕ್ಯಗಳನ್ನೂ ಪತ್ರವನ್ನೂ ಓದಿ ಹೇಳಿದೆ. ಪತ್ರಿಕೆಯ ಹಿಂದೆ ಮುಖವಿಟ್ಟುಕೊಂಡೇ ಕೇಳಿದರು. ಮುಗಿದ ಮೇಲೆ ಪತ್ರಿಕೆ ಮಡಿಸಿ, ಹೊರಗೆ ಹೋಗಿ ಆಗಲೇ ನೀರು ಕುಡಿದಿದ್ದ ಗಿಡಗಳಿಗೆ ಮತ್ತೆ ನೀರು ಹಾಕಿದರು. ಯಾರ ಮೇಲೆಂದು ತಿಳಿಯದಿದ್ದ ನನ್ನ ಸಿಟ್ಟು ಅವರ ಮೇಲೇ ಎಂದು ಅಂದು ತಿಳಿಯಿತು, ಇಳಿಯಲಿಲ್ಲ, ಸುಳ್ಳು ಹೇಳುವುದಿಲ್ಲ.

ಪುಸ್ತಕ ಹೊರಬಂದ ತಿಂಗಳೇ ಪಕ್ಕದ ಸೈಟಿನಲ್ಲಿ ಎದ್ದಿದ್ದ ಮನೆಗೆ ಗೃಹಪ್ರವೇಶವಾಗಿ ತುಮಕೂರು ಕಡೆಯ ಒಂದು ಸಂಸಾರ ಬಂತು. ಎರಡನೆಯ ದಿನ ಆ ಮನೆಯಾಕೆ ಲೋಟ ಹಿಡಿದುಕೊಂಡು ಬಂದರು.

"ಅಕ್ಕ, ಹಾಲಿಗೆ ಹೆಪ್ಪು ಹಾಕಕ್ಕೆ ಒಂಚೂರು ಮಜ್ಜಿಗೆ ಇದ್ರೆ ಕೊಡ್ತೀರಾ?" ಕೊಟ್ಟೆ. ಹೊರಡುವಾಗ ಕೇಳಿದರು, "ನಿಮ್ಮನ್ನ ಏನಂತ ಕರೀಲಿ?"

ಕಾರ್ಡಿನ ಹೆಸರು ನಾಲಗೆಯ ತುದಿಗೆ ಬಂದಿತ್ತು.

"ಚಂದ್ರು ಅಮ್ಮ ಅನ್ನಿ," ಎಂದೆ.

"ಚಂದ್ರು ಸ್ಕೂಲಿಗೆ ಹೋಗಿದಾನಾ?"

"ಇಲ್ಲ. ನಾಲ್ಕು ವರ್ಷಕ್ಕೇ ಹೋಗ್ಬಿಟ್ಟ. ಆದ್ರೂ ಹಾಗೇ ಕರೀರಿ."

ಆಕೆ ಲೋಟದೊಳಗೆ ನೋಡುತ್ತ ನಿಂತರು. ಮಜ್ಜಿಗೆ ತುಳುಕದ ಹಾಗೆ ಹಿಡಿದುಕೊಂಡು ಮನೆಗೆ ಹೋದರು. ಇವರೂ ಹನುಮಂತನಗರದವರ ಹಾಗೆಯೇ ಆದರು, ಕಂಡರೆ ಇನ್ನು ಮುಖ ತಿರುಗಿಸುತ್ತಾರೆ ಎಂದುಕೊಂಡೆ.

ಮಾರನೆಯ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ನಮ್ಮವರು ಪಡಸಾಲೆಯ ಕಿಟಕಿಗೆ ಕನ್ನಡಿ ಒರಗಿಸಿ ಕ್ಷೌರ ಮಾಡಿಕೊಳ್ಳುತ್ತಿದ್ದರು. ಕಾಂಪೌಂಡಿನ ಆಚೆಯಿಂದ ದನಿ ಬಂತು, ಬೀದಿಗೆಲ್ಲ ಕೇಳುವ ಹಾಗೆ.

"ಚಂದ್ರು ಅಮ್ಮಾ, ಸೊಪ್ಪಿನೋನು ಬಂದಿದಾನೆ, ನಿಮಗೂ ಬೇಕಾ?"

ನನ್ನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಪಡಸಾಲೆಯಲ್ಲಿ ಕತ್ತಿಯ ಸದ್ದೂ ನಿಂತಿತು. ಆಕೆ ಇನ್ನೊಮ್ಮೆ ಕೂಗಿದರು. ಹೆಜ್ಜೆ ಸದ್ದಾಯಿತು. ನಮ್ಮವರು ಒಂದು ಕೆನ್ನೆಯ ಸಾಬೂನು ಹಾಗೇ ಇರುವಂತೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅವರ ಕಣ್ಣು ತುಂಬಿತ್ತು.

"ಚಂದ್ರು ಅಮ್ಮ," ಅಂದರು. "ನಿನ್ನನ್ನೇ ಕರೀತಿರೋದು."

"ಬಂದೆ ಅಂತ ಹೇಳಿ, ಚಂದ್ರು ಅಪ್ಪ," ಅಂದೆ.